ಗ್ರಾಫಿಕ್ಸ್ ಕಾರ್ಡ್ ಕಾವೇರಿದಾಗ: ಮನೆಯ ಗಣಕಯಂತ್ರಕ್ಕೊಂದು ಪ್ರಥಮ ಚಿಕಿತ್ಸೆ

ಕಳೆದ ಬೇಸಿಗೆಯ ಒಂದು ಸಂಜೆ ಸಂಘದ ತರುಣ ಕಾರ್ಯಕರ್ತರೊಬ್ಬರು ಕಳವಳದಿಂದ ದೂರವಾಣಿ ಕರೆ ಮಾಡಿದರು. ವಾರ್ಷಿಕೋತ್ಸವದ ತಾಳಮದ್ದಳೆಯ ವಿಡಿಯೋ ಮುದ್ರಿಕೆಯನ್ನು ಅವರು ತಮ್ಮ ಮನೆಯ ಗಣಕಯಂತ್ರದಲ್ಲಿ ಸಂಕಲನ ಮಾಡುತ್ತಿದ್ದರು. "ಸರ್, ಇಪ್ಪತ್ತು ನಿಮಿಷ ಆಗುವಷ್ಟರಲ್ಲಿ ಪರದೆ ಕಪ್ಪಾಗ್ತದೆ. ಫ್ಯಾನು ವಿಮಾನದ ಹಾಗೆ ಸದ್ದು ಮಾಡ್ತದೆ. ಅಂಗಡಿಯವರು ಕಾರ್ಡ್ ಹೋಗಿದೆ, ಹೊಸದು ಹಾಕಿಸಿ ಅಂದ್ರು" ಎಂದರು. ಹೊಸ ಕಾರ್ಡಿನ ಬೆಲೆ ಅವರ ಒಂದು ತಿಂಗಳ ಸಂಬಳಕ್ಕೆ ಸಮವಾಗಿತ್ತು. ಭಾನುವಾರ ಅವರ ಮನೆಗೆ ಹೋಗಿ ನೋಡಿದಾಗ ಕಾರ್ಡಿಗೆ ಏನೂ ಆಗಿರಲಿಲ್ಲ; ಅದಕ್ಕೆ ಉಸಿರು ಕಟ್ಟಿತ್ತು, ಅಷ್ಟೆ. ಇಂತಹ ಸಂದರ್ಭದಲ್ಲಿ ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಮನೆಯಲ್ಲಿಯೇ ಏನನ್ನು ಪರೀಕ್ಷಿಸಬಹುದು, ಎಲ್ಲಿ ಕೈ ಹಾಕಬಾರದು ಎಂಬುದನ್ನು ಓದುಗರ ಉಪಯೋಗಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ಗ್ರಾಫಿಕ್ಸ್ ಕಾರ್ಡ್ ಸೇವಿಸುವ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಉಷ್ಣವಾಗಿಯೇ ಹೊರಬರುತ್ತದೆ. ಮದರ್‌ಬೋರ್ಡಿನ ಸ್ಲಾಟ್ ಮೂಲಕ 75 ವಾಟ್‌ಗಳಷ್ಟೇ ದೊರೆಯುತ್ತದೆ. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡುಗಳಿಗೆ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ತಂತಿ ಬರಬೇಕು. 2010ರಲ್ಲಿ ಬಂದ ಎನ್‌ವಿಡಿಯಾ ಜಿಟಿಎಕ್ಸ್ 480 ಕಾರ್ಡಿನ ಬಳಕೆ 250 ವಾಟ್ ಎಂದಾಗ ಜನ ಹುಬ್ಬೇರಿಸಿದ್ದರು. 2022ರ ಆರ್‌ಟಿಎಕ್ಸ್ 4090 ಕಾರ್ಡಿನದು 450 ವಾಟ್. ಅಂದರೆ ಇಸ್ತ್ರಿಪೆಟ್ಟಿಗೆಯೊಂದರ ಅರ್ಧದಷ್ಟು ಕಾವು ಒಂದು ತಗಡಿನ ಡಬ್ಬಿಯೊಳಗೆ ಗಂಟೆಗಟ್ಟಲೆ ಹುಟ್ಟುತ್ತಿರುತ್ತದೆ. ಈ ಕಾವು ಚಿಪ್‌ನಿಂದ ಥರ್ಮಲ್ ಪೇಸ್ಟ್‌ಗೆ, ಅಲ್ಲಿಂದ ತಾಮ್ರದ ತಳಕ್ಕೆ ಮತ್ತು ಕೊಳವೆಗಳಿಗೆ, ಅಲ್ಲಿಂದ ಅಲ್ಯೂಮಿನಿಯಂ ರೆಕ್ಕೆಗಳಿಗೆ, ಫ್ಯಾನಿನ ಗಾಳಿಯ ಮೂಲಕ ಕ್ಯಾಬಿನೆಟ್‌ಗೆ, ಕೊನೆಗೆ ಕೋಣೆಗೆ ಸಾಗಬೇಕು. ಈ ಸರಪಳಿಯ ಯಾವ ಕೊಂಡಿ ಸಡಿಲಾಗಿದೆ ಎಂದು ಪತ್ತೆಹಚ್ಚುವುದೇ ದುರಸ್ತಿಯ ಮುಕ್ಕಾಲು ಪಾಲು.

ಮೊದಲಿಗೆ ಒಂದು ಸಂದೇಹ ನಿವಾರಣೆ. ಪರದೆ ಕಪ್ಪಾದ ಮಾತ್ರಕ್ಕೆ ಕಾರ್ಡ್ ಕಾದಿದೆ ಎಂದು ತೀರ್ಮಾನಿಸಲಾಗದು. ಕಾರ್ಡ್ ಮಿತಿಮೀರಿ ಕಾದಾಗ ಮೊದಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಚಿತ್ರ ತಡೆತಡೆದು ಸಾಗುತ್ತದೆ, ಫ್ಯಾನು ಕೂಗುತ್ತದೆ. ಅದರ ಬಳಿಕವೂ ಕಾವು ಏರಿದರೆ ಮಾತ್ರ ಪರದೆ ಕಪ್ಪಾಗುವುದು ಅಥವಾ ಯಂತ್ರ ನಿಲ್ಲುವುದು. ಇಂತಹ ಯಾವ ಮುನ್ಸೂಚನೆಯೂ ಇಲ್ಲದೆ ಯಂತ್ರ ಥಟ್ಟನೆ ಆರಿ ಪುನಃ ತಾನಾಗಿ ಹೊತ್ತಿಕೊಂಡರೆ ಎಸ್‌ಎಂಪಿಎಸ್ ಮೇಲೆ ಸಂಶಯ ಪಡುವುದು ಸರಿ. ವಿಂಡೋಸ್‌ನ ಇವೆಂಟ್ ವ್ಯೂವರ್ ತೆರೆದು ನೋಡಿದರೆ ಇಂತಹ ಹಠಾತ್ ಸ್ಥಗಿತಗಳು ಕರ್ನಲ್-ಪವರ್ 41 ಎಂಬ ಹೆಸರಿನಲ್ಲಿ ದಾಖಲಾಗಿರುತ್ತವೆ. ಡಿಸ್‌ಪ್ಲೇ ಡ್ರೈವರ್ ಉತ್ತರಿಸುವುದನ್ನು ನಿಲ್ಲಿಸಿ ಮರಳಿ ಚೇತರಿಸಿಕೊಂಡ ಪ್ರಸಂಗಗಳು 4101 ಎಂಬ ಸಂಖ್ಯೆಯಡಿ ಇರುತ್ತವೆ. ಎರಡನೆಯದು ಕಾವಿನಿಂದಲೂ ಆಗಬಹುದು, ಕೆಟ್ಟ ಡ್ರೈವರ್‌ನಿಂದಲೂ ಆಗಬಹುದು. ಆದುದರಿಂದ ಊಹೆಗಿಂತ ಅಳತೆ ಮೇಲು.

ಅಳೆಯುವುದಕ್ಕೆ ಹಣ ಬೇಕಿಲ್ಲ. ಪ್ರತ್ಯೇಕ ಕಾರ್ಡ್ ಇರುವ ಯಂತ್ರಗಳಲ್ಲಿ 2020ರ ಮೇ ಪರಿಷ್ಕರಣೆಯ ನಂತರದ ವಿಂಡೋಸ್ 10 ಮತ್ತು ವಿಂಡೋಸ್ 11ರ ಟಾಸ್ಕ್ ಮ್ಯಾನೇಜರ್ ಕಾರ್ಡಿನ ತಾಪಮಾನವನ್ನು ತಾನೇ ತೋರಿಸುತ್ತದೆ. ಇನ್ನಷ್ಟು ವಿವರ ಬೇಕಾದವರಿಗೆ ಜಿಪಿಯು-ಝಡ್ ಅಥವಾ ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ತಂತ್ರಾಂಶಗಳಿವೆ. ಒಂದು ಕಾಗದದಲ್ಲಿ ಮೂರು ಅಂಕಿಗಳನ್ನು ಬರೆದಿಟ್ಟುಕೊಳ್ಳಿ: ಕೋಣೆಯ ತಾಪಮಾನ, ಯಂತ್ರ ಸುಮ್ಮನಿರುವಾಗ ಕಾರ್ಡಿನ ತಾಪಮಾನ, ಹದಿನೈದು ನಿಮಿಷ ಭಾರವಾದ ಕೆಲಸ ಕೊಟ್ಟ ಬಳಿಕದ ತಾಪಮಾನ. ಫರ್‌ಮಾರ್ಕ್‌ನಂತಹ ಪರೀಕ್ಷಾ ತಂತ್ರಾಂಶ ಕಾರ್ಡನ್ನು ನಿತ್ಯದ ಕೆಲಸಕ್ಕಿಂತ ಬಹಳ ಹೆಚ್ಚು ದಣಿಸುತ್ತದೆ. ಅದನ್ನು ಚಾಲೂ ಮಾಡಿ ಚಹಾ ಕುಡಿಯಲು ಎದ್ದು ಹೋಗಬೇಡಿ, ಎದುರಿಗೇ ಕುಳಿತು ಅಂಕಿ 90 ದಾಟುತ್ತಿದ್ದಂತೆ ನಿಲ್ಲಿಸಿ.

ಭಾರದ ಕೆಲಸದಲ್ಲಿ 65ರಿಂದ 80 ಡಿಗ್ರಿ ಸೆಲ್ಸಿಯಸ್ ಇದ್ದರೆ ಚಿಂತೆಗೆ ಕಾರಣವಿಲ್ಲ. 85ರ ಆಸುಪಾಸು ಇದ್ದರೆ ಗಮನ ಬೇಕು. ಅದಕ್ಕೂ ಮೇಲೇರಿದರೆ ಚಿಕಿತ್ಸೆ ಅಗತ್ಯ. ಆದರೆ ಇಲ್ಲಿ ಕೋಣೆಯ ಅಂಕಿಯನ್ನು ಮರೆಯಬಾರದು. ಕಾರ್ಡಿನ ತಾಪಮಾನವೆಂಬುದು ಕೋಣೆಯ ಗಾಳಿಯ ಮೇಲೆ ಎಷ್ಟು ಏರಿಕೆಯಾಗಿದೆ ಎಂಬುದರ ಲೆಕ್ಕ. ಕೋಣೆ ಹತ್ತು ಡಿಗ್ರಿ ಕಾದರೆ ಕಾರ್ಡೂ ಸುಮಾರು ಹತ್ತು ಡಿಗ್ರಿ ಕಾಯುತ್ತದೆ. ವಿದೇಶಿ ವಿಮರ್ಶಕರು ಇಪ್ಪತ್ತೆರಡು ಡಿಗ್ರಿಯ ಕೋಣೆಯಲ್ಲಿ ಕುಳಿತು 72 ಎಂದು ಬರೆದದ್ದನ್ನು ಓದಿ, ನಾಗಪುರದ ಮೇ ತಿಂಗಳಿನಲ್ಲೋ ದೆಹಲಿಯ ಜೂನ್ ತಿಂಗಳಿನಲ್ಲೋ 84 ಕಂಡು ಗಾಬರಿಪಡುವವರಿದ್ದಾರೆ. ಅದು ರೋಗವಲ್ಲ, ಋತುಮಾನ.

ಇನ್ನೊಂದು ಗಾಬರಿಯೂ ಅನಾವಶ್ಯಕ. ಇಂದಿನ ಬಹುತೇಕ ಕಾರ್ಡುಗಳ ಫ್ಯಾನುಗಳು ಸುಮಾರು 50ರಿಂದ 60 ಡಿಗ್ರಿ ತಲುಪುವ ತನಕ ತಿರುಗುವುದೇ ಇಲ್ಲ. ಸದ್ದು ಕಡಿಮೆಯಿರಲೆಂದು ತಯಾರಕರೇ ಮಾಡಿದ ಏರ್ಪಾಡು ಅದು. ಸುಮ್ಮನಿರುವ ಫ್ಯಾನನ್ನು ಕಂಡು ಕೆಟ್ಟಿದೆಯೆಂದು ಭಾವಿಸಿ ಬದಲಾಯಿಸಿದವರನ್ನು ನಾನು ಬಲ್ಲೆ. ಕೆಲಸ ಕೊಟ್ಟಾಗಲೂ ತಿರುಗದಿದ್ದರೆ, ಅಥವಾ ಒಂದು ತಿರುಗಿ ಇನ್ನೊಂದು ಕರಕರ ಎನ್ನುತ್ತಿದ್ದರೆ ಮಾತ್ರ ಫ್ಯಾನಿನ ಬೇರಿಂಗ್ ಸವೆದಿದೆ ಎಂದು ತಿಳಿಯಬೇಕು.

ಈಗ ಅತ್ಯಂತ ಸುಲಭವಾದ, ಆದರೆ ಅತ್ಯಂತ ಉಪಯುಕ್ತವಾದ ಪರೀಕ್ಷೆ. ಕ್ಯಾಬಿನೆಟ್‌ನ ಪಕ್ಕದ ಬಾಗಿಲನ್ನು ತೆಗೆದು, ಅದೇ ಕೋಣೆಯಲ್ಲಿ, ಅದೇ ಕೆಲಸವನ್ನು ಮತ್ತೆ ಹದಿನೈದು ನಿಮಿಷ ಕೊಡಿ. ತಾಪಮಾನ ಎಂಟು ಹತ್ತು ಡಿಗ್ರಿ ಇಳಿದರೆ ದೋಷವಿರುವುದು ಕಾರ್ಡಿನಲ್ಲಲ್ಲ, ಕ್ಯಾಬಿನೆಟ್‌ನ ಗಾಳಿಯ ಸಂಚಾರದಲ್ಲಿ. ಏನೂ ಇಳಿಯದಿದ್ದರೆ ಕಾರ್ಡನ್ನೇ ನೋಡಬೇಕು.

ಗಾಳಿಯ ಸಂಚಾರದ ವಿಷಯದಲ್ಲಿ ನಮ್ಮ ಮನೆಗಳ ಅಭ್ಯಾಸಗಳನ್ನು ಸ್ವಲ್ಪ ಹೇಳಲೇಬೇಕು. ಮುಂಬಯಿಯ ಸಣ್ಣ ಫ್ಲಾಟುಗಳಲ್ಲಿ ಕ್ಯಾಬಿನೆಟ್ ಇರುವುದು ಸಾಮಾನ್ಯವಾಗಿ ಮರದ ಕಂಪ್ಯೂಟರ್ ಮೇಜಿನ ಕೆಳಗೂಡಿನಲ್ಲಿ. ಮೂರೂ ಕಡೆ ಹಲಗೆ, ಹಿಂದೆ ಗೋಡೆ. ಹೊರಬಂದ ಬಿಸಿಗಾಳಿಯನ್ನೇ ಯಂತ್ರ ಮತ್ತೆ ಮತ್ತೆ ಒಳಗೆಳೆದುಕೊಳ್ಳುತ್ತದೆ. ಹೊರಗಿಟ್ಟವರಾದರೋ ಅದರ ತಲೆಯ ಮೇಲೆ ಕಸೂತಿಯ ಬಟ್ಟೆ ಹಾಸಿ, ಅದರ ಮೇಲೊಂದು ಗಣಪತಿಯ ಮೂರ್ತಿಯನ್ನೋ ಪುಸ್ತಕದ ರಾಶಿಯನ್ನೋ ಇಡುತ್ತಾರೆ. ಬಿಸಿಗಾಳಿ ಮೇಲಕ್ಕೇರುವ ದಾರಿ ಅಲ್ಲಿಗೆ ಮುಚ್ಚಿತು. ಕ್ಯಾಬಿನೆಟ್ಟನ್ನು ಗೂಡಿನಿಂದ ಹೊರತೆಗೆದು, ಹಿಂಬದಿಗೆ ಒಂದು ಗೇಣು ಜಾಗ ಬಿಟ್ಟು, ಮುಂಭಾಗದ ಫ್ಯಾನು ಗಾಳಿಯನ್ನು ಒಳಗೆಳೆಯುವಂತೆಯೂ ಹಿಂಭಾಗದ್ದು ಹೊರದೂಡುವಂತೆಯೂ ಇದೆಯೇ ಎಂದು ಒಂದು ತೆಳುಕಾಗದದ ಚೂರು ಹಿಡಿದು ನೋಡಿ. ಎರಡೂ ಒಂದೇ ಕಡೆಗೆ ಊದುವಂತೆ ಕೂರಿಸಿದ ಕ್ಯಾಬಿನೆಟ್‌ಗಳು ಅಪರೂಪವೇನಲ್ಲ. ತರುಣ ಮಿತ್ರರ ಮನೆಯಲ್ಲಿ ಗೂಡಿನಿಂದ ಹೊರಗೆಳೆದುದರಿಂದಲೇ ಕಾವು 91ರಿಂದ 85ಕ್ಕೆ ಇಳಿಯಿತು.

ಉಳಿದದ್ದು ಧೂಳು. ನಗರದ ಧೂಳು ಒಣ ಮಣ್ಣಲ್ಲ. ಒಗ್ಗರಣೆಯ ಹೊಗೆ, ಊದುಬತ್ತಿಯ ಹೊಗೆ, ರಸ್ತೆಯ ಮಸಿ ಎಲ್ಲವೂ ಸೇರಿ ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಕಂಬಳಿಯಂತೆ ಅಂಟಿಕೊಳ್ಳುತ್ತದೆ. ಕಡಲ ಸಮೀಪದ ಮನೆಗಳಲ್ಲಿ ಮಳೆಗಾಲದ ತೇವವೂ ಉಪ್ಪುಗಾಳಿಯೂ ಅದರೊಡನೆ ಸೇರುತ್ತವೆ. ಯಂತ್ರವನ್ನು ಆರಿಸಿ, ವಿದ್ಯುತ್ ತಂತಿಯನ್ನು ಗೋಡೆಯಿಂದ ಕಿತ್ತು, ಪವರ್ ಗುಂಡಿಯನ್ನು ಕೆಲವು ಕ್ಷಣ ಒತ್ತಿಹಿಡಿದು ಉಳಿದ ವಿದ್ಯುತ್ತನ್ನು ಬರಿದು ಮಾಡಿ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಿ. ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿ, ಸ್ಲಾಟ್‌ನ ತುದಿಯಲ್ಲಿರುವ ಪ್ಲಾಸ್ಟಿಕ್ ಕೊಕ್ಕೆಯನ್ನು ಒತ್ತಿದ ನಂತರವೇ ಕಾರ್ಡನ್ನು ಮೇಲೆತ್ತಬೇಕು; ಕೊಕ್ಕೆಯನ್ನು ಮರೆತು ಎಳೆದು ಸ್ಲಾಟ್ ಮುರಿದುಕೊಂಡವರುಂಟು. ಬಾಲ್ಕನಿಗೆ ಒಯ್ದು ಮೃದುವಾದ ಬ್ರಶ್‌ನಿಂದ ಸಡಿಲಿಸಿ ಬ್ಲೋವರ್‌ನಿಂದ ಊದಿ. ಊದುವಾಗ ಫ್ಯಾನಿನ ಎಸಳನ್ನು ಬೆರಳಿನಿಂದ ಹಿಡಿದಿರಬೇಕು, ಇಲ್ಲವಾದರೆ ಅದು ಮಿತಿಮೀರಿದ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್‌ನ ಕೊಳವೆ ಸ್ಥಿರವಿದ್ಯುತ್ತನ್ನು ಉಂಟುಮಾಡುವುದರಿಂದ ಅದನ್ನು ಬಳಸದಿರುವುದು ಕ್ಷೇಮ. ಒದ್ದೆ ಬಟ್ಟೆಯಂತೂ ಕೂಡದು.

ಧೂಳು ತೆಗೆದ ಬಳಿಕವೂ ಕಾವು ಇಳಿಯದಿದ್ದರೆ ಥರ್ಮಲ್ ಪೇಸ್ಟ್‌ನ ಸರದಿ. ಚಿಪ್ ಮತ್ತು ತಾಮ್ರದ ತಳ ಎರಡೂ ಕಣ್ಣಿಗೆ ನುಣುಪಾಗಿ ಕಂಡರೂ ನಡುವೆ ಸೂಕ್ಷ್ಮವಾದ ಕುಳಿಗಳಿರುತ್ತವೆ, ಅವುಗಳಲ್ಲಿ ಗಾಳಿ ನಿಲ್ಲುತ್ತದೆ. ಗಾಳಿ ಬಹಳ ಕೆಟ್ಟ ಉಷ್ಣವಾಹಕ. ಆ ಕುಳಿಗಳನ್ನು ತುಂಬುವುದೇ ಪೇಸ್ಟ್‌ನ ಕೆಲಸ. ವರ್ಷಗಳ ಕಾವಿಗೆ ಅದು ಒಣಗಿ ಸುಣ್ಣದಂತಾಗುತ್ತದೆ, ಅಥವಾ ಅಂಚಿಗೆ ಹರಿದುಹೋಗುತ್ತದೆ. ಇದನ್ನು ಕಂಡುಹಿಡಿಯಲು ಒಂದು ಉಪಾಯವಿದೆ. ಹಲವು ಕಾರ್ಡುಗಳು ಚಿಪ್‌ನ ಸಾಮಾನ್ಯ ತಾಪಮಾನದ ಜೊತೆಗೆ ಅದರ ಅತ್ಯಂತ ಬಿಸಿಯಾದ ಬಿಂದುವಿನ ತಾಪಮಾನವನ್ನು ಹಾಟ್‌ಸ್ಪಾಟ್ ಎಂಬ ಹೆಸರಿನಲ್ಲಿ ತೋರಿಸುತ್ತವೆ. ಎರಡರ ಅಂತರ ಹತ್ತರಿಂದ ಇಪ್ಪತ್ತು ಡಿಗ್ರಿ ಇರುವುದು ಸಹಜ. ಮೂವತ್ತನ್ನು ಮೀರಿದರೆ ಪೇಸ್ಟ್ ಒಣಗಿದೆ ಅಥವಾ ಹೀಟ್‌ಸಿಂಕ್ ಸಮವಾಗಿ ಕುಳಿತಿಲ್ಲ ಎಂದರ್ಥ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ವಾರಂಟಿ ಇನ್ನೂ ಉಳಿದಿದ್ದರೆ ಕಾರ್ಡನ್ನು ಬಿಚ್ಚಬೇಡಿ. ರಸೀದಿ ಹುಡುಕಿ ಮಾರಾಟಗಾರರ ಬಳಿಗೇ ಒಯ್ಯಿರಿ. ವಾರಂಟಿ ಮುಗಿದವರು ಕಾರ್ಡನ್ನು ಕೆಲವು ನಿಮಿಷ ಚಲಾಯಿಸಿ ಬೆಚ್ಚಗಾಗಿಸಿ ನಂತರ ಬಿಚ್ಚಿದರೆ ಪೇಸ್ಟ್ ಸುಲಭವಾಗಿ ಬಿಡುತ್ತದೆ. ಚಿಪ್‌ನ ಸುತ್ತಲಿನ ನಾಲ್ಕು ಸ್ಕ್ರೂಗಳನ್ನು ಒಂದರ ನಂತರ ಅದರ ಎದುರು ಮೂಲೆಯದು ಎಂಬಂತೆ ಸ್ವಲ್ಪಸ್ವಲ್ಪವೇ ಸಡಿಲಿಸಬೇಕು. ಹೀಟ್‌ಸಿಂಕನ್ನು ಥಟ್ಟನೆ ಎತ್ತಿದರೆ ಫ್ಯಾನಿನ ಸಣ್ಣ ತಂತಿಗಳು ಕಿತ್ತುಬರುತ್ತವೆ. ಹಳೆಯ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಹೊಸದನ್ನು ಚಿಪ್‌ನ ಮೇಲ್ಮೈಯೆಲ್ಲ ಮುಚ್ಚುವಂತೆ ತೆಳುವಾಗಿ ಹಚ್ಚಿ. ಪ್ರೊಸೆಸರ್‌ಗಿರುವ ಲೋಹದ ಮುಚ್ಚಳ ಇದಕ್ಕಿಲ್ಲವಾದುದರಿಂದ ಒಂದು ಮೂಲೆ ಖಾಲಿ ಬಿಟ್ಟರೂ ಆ ಮೂಲೆ ಕಾಯುತ್ತದೆ. ಮೆಮರಿ ಚಿಪ್‌ಗಳ ಮೇಲಿನ ಮೆತ್ತನೆಯ ಪ್ಯಾಡುಗಳು ಹರಿದರೆ ಮೊದಲಿದ್ದಷ್ಟೇ ದಪ್ಪದವನ್ನು ಹಾಕಬೇಕು. ಅರ್ಧ ಮಿಲಿಮೀಟರ್ ದಪ್ಪವಾದರೂ ಹೀಟ್‌ಸಿಂಕ್ ಚಿಪ್‌ಗೆ ತಾಗದೆ ಎದ್ದು ನಿಲ್ಲುತ್ತದೆ, ಆಗ ಹಿಂದಿನ ಕಾವೇ ವಾಸಿ ಎನಿಸೀತು. ದ್ರವಲೋಹವೆಂದು ಮಾರುವ ಪೇಸ್ಟ್ ಮನೆಯವರಿಗೆ ಬೇಡ. ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ, ಹರಿದರೆ ಬೋರ್ಡನ್ನೂ ಸುಡುತ್ತದೆ. ಸಾಮಾನ್ಯ ಪೇಸ್ಟ್ ಕೆಲವು ನೂರು ರೂಪಾಯಿಗಳಿಗೆ ಲ್ಯಾಮಿಂಗ್ಟನ್ ರಸ್ತೆಯಲ್ಲೂ ಚೆನ್ನೈಯ ರಿಚಿ ಸ್ಟ್ರೀಟ್‌ನಲ್ಲೂ ದೆಹಲಿಯ ನೆಹರೂ ಪ್ಲೇಸ್‌ನಲ್ಲೂ ಸಿಗುತ್ತದೆ.

ಸ್ಕ್ರೂಡ್ರೈವರ್ ಹಿಡಿಯಲು ಅಳುಕುವವರಿಗೂ ದಾರಿಯಿದೆ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶ ಬೇರೆ ಕಂಪೆನಿಗಳ ಕಾರ್ಡುಗಳಲ್ಲೂ ನಡೆಯುತ್ತದೆ. ಅದರಲ್ಲಿ ಪವರ್ ಲಿಮಿಟ್ ಎಂಬುದನ್ನು ನೂರರಿಂದ ಎಂಬತ್ತಕ್ಕೆ ಇಳಿಸಿದರೆ ಕಾವು ಗಣನೀಯವಾಗಿ ತಗ್ಗುತ್ತದೆ, ವೇಗದ ನಷ್ಟ ಅಷ್ಟಾಗಿ ಆಗುವುದಿಲ್ಲ. ಚಿಪ್‌ನ ವಿದ್ಯುತ್ ಬಳಕೆ ವೋಲ್ಟೇಜ್‌ನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಕೊನೆಯ ಸ್ವಲ್ಪ ವೇಗಕ್ಕಾಗಿ ತೆರುವ ಕಾವು ಬಹಳ ದುಬಾರಿ. ಮಕ್ಕಳು ಆಟವಾಡುವ ಯಂತ್ರವಾದರೆ ಸೆಕೆಂಡಿಗೆ ಇಷ್ಟೇ ಚಿತ್ರ ಎಂದು 60ರ ಮಿತಿ ಹಾಕಿಬಿಡಿ. ನನ್ನ ಮಟ್ಟಿಗೆ ನಮ್ಮ ಬೇಸಿಗೆಗೆ ಇದಕ್ಕಿಂತ ಅಗ್ಗದ ಮದ್ದು ಇಲ್ಲ.

ತಾಪಮಾನದ ಅಂಕಿ ತೋರಿಸದ ಕಾವೂ ಒಂದುಂಟು, ಅದೇ ಹೆಚ್ಚು ಅಪಾಯಕಾರಿ. ವಿದ್ಯುತ್ ತಂತಿಯ ಕನೆಕ್ಟರ್ ಸಡಿಲವಾಗಿದ್ದರೆ ಅಲ್ಲಿಯೇ ಕಾವು ಹುಟ್ಟಿ ಪ್ಲಾಸ್ಟಿಕ್ ಕರಗುತ್ತದೆ. 2022ರ ಅಕ್ಟೋಬರ್‌ನಲ್ಲಿ ಆರ್‌ಟಿಎಕ್ಸ್ 4090 ಕಾರ್ಡುಗಳ ಹದಿನಾರು ಪಿನ್ನಿನ ಕನೆಕ್ಟರ್ ಕರಗಿದ ಪ್ರಕರಣಗಳು ಜಗತ್ತಿನಾದ್ಯಂತ ಸುದ್ದಿಯಾಗಿದ್ದವು. ಕನೆಕ್ಟರ್ ಪೂರ್ತಿ ಒಳಹೊಕ್ಕಿದೆಯೇ, ತಂತಿ ಬುಡದಲ್ಲೇ ಬಗ್ಗಿದೆಯೇ ಎಂದು ನೋಡಿ. ಸುಟ್ಟ ವಾಸನೆ ಬಂದರೆ ಅಥವಾ ಪ್ಲಾಸ್ಟಿಕ್ ಕಂದಾಗಿದ್ದರೆ ಆ ಯಂತ್ರವನ್ನು ಮತ್ತೆ ಚಾಲೂ ಮಾಡಲೇಬೇಡಿ. ಅಗ್ಗದ ಎಸ್‌ಎಂಪಿಎಸ್‌ಗೆ ಅಡಾಪ್ಟರ್ ತಂತಿ ಸಿಕ್ಕಿಸಿ ದೊಡ್ಡ ಕಾರ್ಡ್ ನಡೆಸುವುದು ಮನೆಗೆ ಬೆಂಕಿಯನ್ನು ಕರೆದಂತೆ.

ಕೆಟ್ಟ ಕಾರ್ಡನ್ನು ಒಲೆಯಲ್ಲಿ, ಅಂದರೆ ಓವನ್‌ನಲ್ಲಿ ಬೇಯಿಸಿ ಬದುಕಿಸುವ ಪವಾಡದ ಕಥೆಗಳು ಹಿಂದಿನಿಂದಲೂ ಹರಿದಾಡುತ್ತಿವೆ. ಕೆಲವು ದಿನ ನಡೆದದ್ದು ನಿಜವಿರಬಹುದು, ಬಾಳಿಕೆ ಬಂದದ್ದಿಲ್ಲ. ಅನ್ನಾಹಾರ ಬೇಯಿಸುವ ಪಾತ್ರೆಯಲ್ಲಿ ಬೆಸುಗೆಯ ವಿಷಹೊಗೆ ಎಬ್ಬಿಸುವುದು ಬೇಡ.

ತಯಾರಿಕೆಯಲ್ಲಿಯೇ ದೋಷವಿದ್ದರೆ ಮೇಲಿನ ಯಾವ ಉಪಚಾರವೂ ನಾಟದು. 2022ರ ಕೊನೆಯಲ್ಲಿ ಬಂದ ಎಎಂಡಿ ರೇಡಿಯಾನ್ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ ಕಾರ್ಡುಗಳಲ್ಲಿ ಕೆಲವು 110 ಡಿಗ್ರಿ ಮುಟ್ಟುತ್ತಿದ್ದವು. ಅವುಗಳ ತಂಪುಕಾರಿಯೊಳಗಿನ ನೀರು ಸಾಕಷ್ಟಿರಲಿಲ್ಲ ಎಂದು ಮರು ವರ್ಷದ ಜನವರಿಯಲ್ಲಿ ಕಂಪೆನಿಯೇ ಒಪ್ಪಿಕೊಂಡಿತು. ಇಂತಹವನ್ನು ಹಿಂತಿರುಗಿಸುವುದೊಂದೇ ಮಾರ್ಗ. ಹಳೆಯ ಕಾರ್ಡ್ ಕೊಳ್ಳುವವರು ಇನ್ನೂ ಜಾಗರೂಕರಾಗಿರಬೇಕು: 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ನಾಣ್ಯದ ಗಣಿಗಾರಿಕೆಗೆ ಗ್ರಾಫಿಕ್ಸ್ ಕಾರ್ಡಿನ ಅಗತ್ಯ ಇಲ್ಲವಾದ ಮೇಲೆ, ಹಗಲಿರುಳು ದುಡಿದ ಕಾರ್ಡುಗಳು ಅಗ್ಗವಾಗಿ ಮಾರುಕಟ್ಟೆಗೆ ಬಂದವು. ಕೊಳ್ಳುವ ಮುನ್ನ ಹದಿನೈದು ನಿಮಿಷ ಎದುರಿಗೇ ಚಲಾಯಿಸಿ ತೋರಿಸಲು ಕೇಳಿ. ಒಪ್ಪದ ಮಾರಾಟಗಾರರಿಂದ ಕೊಳ್ಳಬೇಡಿ.

ನಮ್ಮ ತರುಣ ಮಿತ್ರರ ಕಾರ್ಡಿನ ವಾರಂಟಿ ಮುಗಿದು ಎರಡು ವರ್ಷವಾಗಿತ್ತು. ಧೂಳು ತೆಗೆದು ಪೇಸ್ಟ್ ಬದಲಿಸಿದ ನಂತರ, 33 ಡಿಗ್ರಿಯ ಅದೇ ಕೋಣೆಯಲ್ಲಿ, ಅದೇ ತಾಳಮದ್ದಳೆಯ ಸಂಕಲನ ನಡೆಯುತ್ತಿರುವಾಗ 74 ತೋರಿಸಿತು. ಗಣಪತಿಯ ಮೂರ್ತಿಯನ್ನು ಅವರ ತಾಯಿಯವರು ಪಕ್ಕದ ಕಪಾಟಿಗೆ ಸ್ಥಳಾಂತರಿಸಿದ್ದಾರೆ.