ಬಿಸಿಲೂರಿಗೆ ಬಂದ ಕಡಲು

ಕಲಬುರಗಿಯಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಸಿಗೋಕೆ ಕನಿಷ್ಠ 350 ಕಿಲೋಮೀಟರ್ ಹೋಗಬೇಕು. ಇಲ್ಲಿ ಧಾರಾಳವಾಗಿ ಸಿಗೋದು ತೊಗರಿ, ಬಿಸಿಲು ಮತ್ತು ಕಲ್ಲು. ಇಂಥ ಊರಿನ ಅಪಾರ್ಟ್‌ಮೆಂಟ್ ಒಂದರಲ್ಲಿ 60 ಲೀಟರಿನ ಉಪ್ಪುನೀರಿನ ತೊಟ್ಟಿ ಇಟ್ಟು ಹವಳ ಬೆಳೆಸ್ತೀನಿ ಅಂದರೆ ಮನೆಯವರು "ತಲಿ ಕೆಟ್ಟದೇನು?" ಅಂತ ಕೇಳೋದು ಸಹಜ. ಆದರೆ ಇತಿಹಾಸ ತೆಗೆದು ನೋಡಿದರೆ, ಮನೆಯೊಳಗೆ ಹವಳ ಸಾಕುವ ಈ ಹುಚ್ಚು ಬೆಳೆದದ್ದು ಸಮುದ್ರದ ದಂಡೆಯಲ್ಲಿ ಅಲ್ಲ, ದಂಡೆಯಿಂದ ದೂರವಿದ್ದ ಊರುಗಳ ಪಡಸಾಲೆಯಲ್ಲಿ.

ಹಾಗೆ ನೋಡಿದರೆ ಕಲಬುರಗಿಗೆ ಸಮುದ್ರ ಪೂರ್ತಿ ಅಪರಿಚಿತವೂ ಅಲ್ಲ. ನಮ್ಮ ಹಳೇ ಮನೆಗಳ ನೆಲಕ್ಕೆ ಹಾಸಿರೋ ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಭೂಮಿಯ ಮೇಲೆ ಕಲ್ಲುಹವಳಗಳು ಹುಟ್ಟೋದಕ್ಕೂ ಎಷ್ಟೋ ಕೋಟಿ ವರ್ಷ ಮುಂಚೆ, ಇಲ್ಲಿದ್ದ ಆಳವಿಲ್ಲದ ಸಮುದ್ರದ ತಳದಲ್ಲಿ ಕೂತ ಕೆಸರು ಅದು. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ಇವತ್ತು ಪುಡಿ ಮಾಡ್ತಿರೋದು ಅದೇ ಸಮುದ್ರವನ್ನು. ಹವಳವೂ ತನ್ನ ಮನೆ ಕಟ್ಟೋದು ಇದೇ ಸುಣ್ಣದಿಂದ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದ.

ಮನುಷ್ಯರ ಕಾಲಕ್ಕೆ ಬಂದರೆ, ಬಹಮನಿಗಳ ಫಿರೋಜ್ ಶಾ (1397–1422) ಇದೇ ಊರಿನಲ್ಲಿ ಕೂತು ಗೋವಾ ಮತ್ತು ಚೌಲ್ ಬಂದರುಗಳಿಂದ ವರ್ಷವರ್ಷ ಹಡಗು ಕಳಿಸಿ ಪರದೇಶದ ಸರಕು ತರಿಸುತ್ತಿದ್ದ ಅಂತ ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಸಮುದ್ರದಾಚೆಯ ಚೆಂದದ್ದನ್ನು ಒಳನಾಡಿಗೆ ತರಿಸಿಕೊಳ್ಳೋ ಆಸೆ ನಮ್ಮೂರಿಗೆ ಹೊಸದೇನಲ್ಲ. ಸರಕನ್ನೇನೋ ತರಿಸಬಹುದು. ಸಮುದ್ರವನ್ನೇ ತರಿಸೋದು ಹೇಗೆ?

ಅದನ್ನು ಮಾಡಿ ನೋಡಿದವಳು ಆನಾ ಥಿನ್ ಅನ್ನೋ ಇಂಗ್ಲಿಷ್ ಹೆಂಗಸು. 1846ರಲ್ಲಿ ಟಾರ್ಕೀ ಅನ್ನೋ ಕಡಲೂರಿನಲ್ಲಿ ಒಂದಿಷ್ಟು ತಣ್ಣೀರಿನ ಹವಳ ಆರಿಸಿ, ಜಾಡಿಯಲ್ಲಿ ಹಾಕಿಕೊಂಡು ಲಂಡನ್ನಿಗೆ ತಂದಳು. ಸಾಗಾಟದಲ್ಲಿ ಅಲ್ಲಾಡದಿರಲಿ ಅಂತ ಸೂಜಿ-ದಾರದಿಂದ ಅವನ್ನು ಸ್ಪಂಜಿಗೆ ಹೊಲಿದಿದ್ದಳು! ಲಂಡನ್ನಿನಲ್ಲಿ ಹೊಸ ಸಮುದ್ರದ ನೀರು ದಿನಾ ಸಿಗಬೇಕಲ್ಲ? ಇದ್ದ ನೀರನ್ನೇ ತೆರೆದ ಕಿಟಕಿಯ ಮುಂದೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಮುಕ್ಕಾಲು ಗಂಟೆವರೆಗೂ ಸುರಿಸಿ ಗಾಳಿ ಬೆರೆಸಬೇಕಾಯಿತು. ನಾವು ಚಹಾ ಆರಿಸ್ತೀವಲ್ಲ, ಹಾಗೆ. ಸುರಿದವಳು ಮಾತ್ರ ಮನೆಗೆಲಸದಾಕೆ. ಅವಳ ರಟ್ಟೆಯೇ ಆ ಕಾಲದ ಏರ್ ಪಂಪ್. ಮುಂದೆ ಕಡಲಿನ ಪಾಚಿಯನ್ನೂ ಜೊತೆಗೆ ಇಟ್ಟಾಗ ಕೆಲಸ ಹಗುರಾಯಿತು. ಹವಳಗಳು ಸುಮಾರು ಮೂರು ವರ್ಷ ಬದುಕಿ, ಮರಿಯನ್ನೂ ಮಾಡಿದವು.

ನಂತರದ ಹತ್ತು ವರ್ಷದಲ್ಲಿ ಇದು ದೊಡ್ಡ ಫ್ಯಾಶನ್ ಆಯಿತು. 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಅನ್ನೋ ರಸಾಯನಶಾಸ್ತ್ರಜ್ಞ ಮೀನು, ಗಿಡ, ಬಸವನಹುಳು ಸೇರಿದರೆ ಒಂದೇ ನೀರು ಬಹಳ ಕಾಲ ಕೆಡದೆ ಇರುತ್ತೆ ಅಂತ ತೋರಿಸಿದ. 1853ರಲ್ಲಿ ಲಂಡನ್ ಝೂನಲ್ಲಿ ಮೀನುಮನೆ ತೆರೆಯಿತು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ 'ದಿ ಅಕ್ವೇರಿಯಂ' ಪುಸ್ತಕ ಬರೆದ. ಮನೆಮನೆಗೆ ಆ ಪದ ತಲುಪಿದ್ದು ಅವನಿಂದ. ನಾಲ್ಕು ಬಗೆಯ ಉಪ್ಪು ಬೆರೆಸಿ ಕೃತಕ ಸಮುದ್ರದ ನೀರು ಮಾಡೋ ಪಾಕವನ್ನೂ ಅವನು ಕೊಟ್ಟ. ಸುಣ್ಣದ ಅಂಶ ತೀರಾ ಕಡಿಮೆ, ಇಲ್ಲದಿದ್ರೂ ನಡೆಯುತ್ತೆ ಅಂತ ಅದನ್ನು ಬಿಟ್ಟಿದ್ದ. ಇವತ್ತು ಹವಳ ಸಾಕುವವರು ದಿನಾ ಅಳೆಯೋದೇ ಆ ಸುಣ್ಣವನ್ನು: ಲೀಟರಿಗೆ 400 ಮಿಲಿಗ್ರಾಂಗಿಂತ ಕೆಳಗೆ ಹೋದರೆ ಅವರಿಗೆ ನಿದ್ದೆ ಬರಲ್ಲ.

ಈ ಕಥೆಗೆ ಇನ್ನೊಂದು ಮುಖ ಇದೆ. ಗಾಸ್‌ನ ಪುಸ್ತಕ ಓದಿದ ಜನ ಸುತ್ತಿಗೆ, ಬಕೆಟ್ಟು ಹಿಡಿದು ದಂಡೆಗೆ ನುಗ್ಗಿದರು. ಬಂಡೆಗಳ ನಡುವಿನ ಕೊಳಗಳು ಬರಿದಾದವು. ಮಗ ಎಡ್ಮಂಡ್ ಗಾಸ್ 1907ರಲ್ಲಿ ಬರೆದ 'ಫಾದರ್ ಅಂಡ್ ಸನ್' ನೆನಪಿನ ಪುಸ್ತಕದಲ್ಲಿ ಈ ನಾಶವನ್ನು ಸಂಕಟದಿಂದಲೇ ದಾಖಲಿಸಿದ್ದಾನೆ. ಕಡಲನ್ನು ಪ್ರೀತಿಸೋದು ಕಲಿಸಿದ ಪುಸ್ತಕವೇ ಕಡಲಿನ ಒಂದು ತುಂಡನ್ನು ಖಾಲಿ ಮಾಡಿಸಿತು.

ನೂರು ವರ್ಷ ಆದಮೇಲೂ ಇದೇ ಆಯಿತು. 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್, ಜೀವಾಣು ತುಂಬಿದ ದಿಬ್ಬದ ಕಲ್ಲುಗಳನ್ನೇ ತೊಟ್ಟಿಗೆ ಹಾಕಿ ಬರೀ ಗಾಳಿಗುಳ್ಳೆಯಿಂದ ಹವಳ ಸಾಕೋ ಬಗೆಯನ್ನು ಜಗತ್ತಿಗೆ ಹೇಳಿದರು. ಆಮೇಲೆ ಬರ್ಲಿನ್ನಿನ ಹವ್ಯಾಸಿಗಳು ಅದಕ್ಕೆ ಪ್ರೋಟೀನ್ ಸ್ಕಿಮ್ಮರ್, ಜೋರು ಬೆಳಕು ಸೇರಿಸಿ ಗಟ್ಟಿ ಪದ್ಧತಿ ಮಾಡಿದರು. ಕೃತಕ ಉಪ್ಪು ಪ್ಯಾಕೆಟ್ಟಿನಲ್ಲಿ ಬಂತು. ನೀರು ಮಾಡೋ ವಿದ್ಯೆ ಪಕ್ಕಾ ಆಯಿತು, ಆದರೆ ಕಲ್ಲು ಮತ್ತು ಹವಳ ಮಾತ್ರ ನಿಜವಾದ ದಿಬ್ಬಗಳಿಂದಲೇ ಬರುತ್ತಿದ್ದವು.

ಈಗ ಕಲಬುರಗಿಗೆ ವಾಪಸ್ ಬರೋಣ. ನೀರಿನ ಲೆಕ್ಕ ಸುಲಭ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಅಂದರೆ 60 ಲೀಟರಿಗೆ ಎರಡು ಕಿಲೋ ಆಸುಪಾಸು. ಅಡುಗೆ ಉಪ್ಪಲ್ಲ, ಅಕ್ವೇರಿಯಂ ಉಪ್ಪು. ನಲ್ಲಿಯ ಕ್ಲೋರಿನ್, ಬೋರ್‌ವೆಲ್ಲಿನ ಗಡಸು ನೀರು ಎರಡೂ ಆಗಲ್ಲ. ಆರ್‌ಓ ನೀರೇ ಬೇಕು. ವಾರಕ್ಕೆ ಆರು ಲೀಟರ್ ಬದಲಿಸಿದರೆ ಹತ್ತು-ಹದಿನೆಂಟು ಲೀಟರ್ ಆರ್‌ಓದಿಂದ ಹೊರಗೆ ಹೋಗುತ್ತೆ. ಭೀಮಾ, ಬೆಣ್ಣೆತೊರಾ ನೀರಿಗೆ ಕಾಯೋ ಊರಿನಲ್ಲಿ ಆ ನೀರನ್ನು ನೆಲ ಒರೆಸೋಕಾದರೂ ಹಿಡಿದಿಡಿ. ಮೀನು ಬಿಡೋಕೆ ಮುಂಚೆ ನಾಲ್ಕರಿಂದ ಆರು ವಾರ ಖಾಲಿ ತೊಟ್ಟಿ ಓಡಿಸಬೇಕು. ಅಮೋನಿಯಾವನ್ನು ತಿನ್ನೋ ಬ್ಯಾಕ್ಟೀರಿಯಾ ಮೊದಲು ಮನೆ ಮಾಡಲಿ.

ಕಷ್ಟ ಇರೋದು ಬಿಸಿಲಿನದು. ತೊಟ್ಟಿಗೆ ಬೇಕಾದ್ದು 25–26 ಡಿಗ್ರಿ. ಮೇ ತಿಂಗಳಲ್ಲಿ ಹೊರಗೆ 42 ದಾಟಿರುತ್ತೆ. ನೀರಿನ ಮೇಲೆ ಫ್ಯಾನ್ ಇಟ್ಟರೆ ನಮ್ಮ ಒಣ ಹವೆಯಲ್ಲಿ ಕೂಲರ್ ಥರ ಒಂದೆರಡು ಡಿಗ್ರಿ ಇಳಿಯುತ್ತೆ. ಆವಿಯಾಗೋದು ನೀರು ಮಾತ್ರ, ಉಪ್ಪು ಉಳಿಯುತ್ತೆ. ಹಾಗಾಗಿ ತುಂಬಿಸಬೇಕಾದ್ದು ಸಿಹಿನೀರು. ಕರೆಂಟ್ ಹೋದರೆ ಪಂಪಿಗೆ ಬ್ಯಾಟರಿ ಬೇಕು. ಸಣ್ಣ ತೊಟ್ಟಿ ಬೇಗ ಕಾಯುತ್ತೆ, ಬೇಗ ಕೆಡುತ್ತೆ. ಸಾಮಾನ್ಯಕ್ಕಿಂತ ಒಂದೆರಡು ಡಿಗ್ರಿ ಏರಿ ಕೆಲವು ವಾರ ನಿಂತರೆ ಹವಳ ಬಿಳುಚಿಕೊಳ್ಳುತ್ತೆ. ಲಕ್ಷದ್ವೀಪದ ದಿಬ್ಬಗಳಲ್ಲಿ 1998, 2010, 2016 ಮತ್ತು 2024ರಲ್ಲಿ ಆಗಿದ್ದೂ ಇದೇ.

ಹಾಗಾದರೆ ಹವಳ ಎಲ್ಲಿಂದ ತರ್ತೀರಿ? ಭಾರತದಲ್ಲಿ ಇದಕ್ಕೆ ಉತ್ತರ ಸ್ಪಷ್ಟ: ತರೋ ಹಾಗಿಲ್ಲ. 2001ರಿಂದ ದಿಬ್ಬ ಕಟ್ಟುವ ಕಲ್ಲುಹವಳ, ಕರಿಹವಳ, ಕಡಲಬೀಸಣಿಗೆ, ಕಡಲಕುದುರೆ ಎಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿಯ ಪಕ್ಕದಲ್ಲೇ. ಸಿಕ್ಕಿಬಿದ್ದರೆ ಜೈಲು. ನಮ್ಮ ರಾಜ್ಯದಲ್ಲೂ ಹವಳ ಇದೆ, ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ. ಅಲ್ಲಿ ಧುಮುಕಿ ನೋಡಬಹುದು. ಮುರಿದು ತರೋ ಹಾಗಿಲ್ಲ.

ಇದು ಅನ್ಯಾಯ ಅನ್ನಿಸಿದರೆ ಹುಮನಾಬಾದ್ ದಾರಿಯಲ್ಲಿ ಕಮಲಾಪುರದ ತನಕ ಹೋಗಿ ಬನ್ನಿ. ಅಲ್ಲಿನ ಕೆಂಬಾಳೆಗೆ ಭೌಗೋಳಿಕ ಸೂಚಿಕೆ ಸಿಕ್ಕಿರೋದು ಆ ಕೆಂಪು ಮಣ್ಣಿನ ಕಾರಣಕ್ಕೆ. ಗಡ್ಡೆ ಕಿತ್ತು ಬೇರೆ ಕಡೆ ನೆಟ್ಟರೆ ಬಾಳೆ ಬರಬಹುದು, ಕಮಲಾಪುರದ ಬಾಳೆ ಬರಲ್ಲ. ಆದರೂ ಒಂದು ವ್ಯತ್ಯಾಸ ಇದೆ. ಬಾಳೆಯ ಗಡ್ಡೆ ತೆಗೆದರೆ ತಾಯಿ ತೋಟ ಉಳಿಯುತ್ತೆ. ದಿಬ್ಬದ ಕಲ್ಲು ಕಿತ್ತರೆ ಅಲ್ಲಿದ್ದ ಮೀನಿನ ಮನೆಯೇ ಹೋಗುತ್ತೆ.

ಹಾಗಂತ ತೊಟ್ಟಿಯ ಆಸೆ ಬಿಡಬೇಕಿಲ್ಲ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಮಂಡಪಂನಲ್ಲಿ ಕ್ಲೌನ್ ಮೀನುಗಳನ್ನು, ಅಂದರೆ ನಮ್ಮ ನೆಮೋನ ಬಳಗವನ್ನು, ಹ್ಯಾಚರಿಯಲ್ಲೇ ಮರಿ ಮಾಡಿಸೋ ತಂತ್ರ ರೂಪಿಸಿದೆ. ತೊಟ್ಟಿಯಲ್ಲೇ ಹುಟ್ಟಿದ ಮರಿ ಒಣ ತಿಂಡಿಗೆ ಬೇಗ ಹೊಂದಿಕೊಳ್ಳುತ್ತೆ. ಜೀವಂತ ಕಲ್ಲಿನ ಬದಲು ರಂಧ್ರ ಇರುವ ಸೆರಾಮಿಕ್ ಕಲ್ಲು ಸಾಕು. ಬ್ಯಾಕ್ಟೀರಿಯಾಗೆ ವಾಸಿಸೋಕೆ ಜಾಗ ಬೇಕು, ಕುಲಗೋತ್ರ ಬೇಡ. 60 ಲೀಟರಿಗೆ ಒಂದು ಜೋಡಿ ಕ್ಲೌನ್ ಮೀನು ಸಾಕು, ಮೂರನೆಯದು ಬೇಡ.

ಅಂಗಡಿಗೆ ಹೋದಾಗ ಬೆಲೆ ಕೇಳೋಕೆ ಮುಂಚೆ, ಈ ಮೀನು ಹ್ಯಾಚರಿಯದ್ದೋ ಸಮುದ್ರದಲ್ಲಿ ಹಿಡಿದದ್ದೋ ಅಂತ ಕೇಳಿ. ಬಿಲ್ಲಿನ ಮೇಲೆ ಬರೆದು ಕೊಡಿ ಅನ್ನಿ. ಬರೆದು ಕೊಡಲ್ಲ ಅಂದರೆ ಬೇರೆ ಅಂಗಡಿ ನೋಡಿ. ಹೇಗೂ ಬ್ಯಾಕ್ಟೀರಿಯಾ ಬೆಳೆಯೋಕೆ ಆರು ವಾರ ಕಾಯಲೇಬೇಕು, ಹುಡುಕೋಕೆ ಟೈಮ್ ಇದೆ.