ಕಲಾಯಿ ಒಲೆ ಮುಂದ ನಮ್ಮ ಪಾಳಿ



ಹಳೇ ತಾಮ್ರ, ಹಿತ್ತಾಳೆ ಪಾತ್ರೆಗಳಿಗೆ ಈಗ ಮತ್ತೆ ಕಾಲ ಬಂದದ. ಮೊಬೈಲ್ ತೆರೆದರೆ ಸಾಕು, ಕಪ್ಪಾದ ಹಂಡೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಬಂಗಾರದಂಗ ಹೊಳೆಸೋ ವಿಡಿಯೋಗಳು. ಕೆಳಗ ಒಂದು ಮಾತು ಇದ್ದೇ ಇರ್ತದ: "ನಮ್ಮ ಹಿರಿಯರು ಎಷ್ಟು ಜಾಣರು!" ಓದಿದಾಗೆಲ್ಲ ನನಗ ಒಂದೇ ಪ್ರಶ್ನೆ. ಯಾರ ಹಿರಿಯರು? ಯಾದಗಿರಿ, ಶಹಾಪುರ, ಸುರಪುರದ ಕೇರಿಗಳಲ್ಲಿ ಎಷ್ಟು ಮನೆಯೊಳಗ ಹಿತ್ತಾಳೆ ಇತ್ತು? ಇದ್ದ ಒಂದು ಕೊಡ ತೂತು ಬಿದ್ದಾಗ, ಅದರ ಕಲಾಯಿ ಹೋದಾಗ ಎಲ್ಲಿ ರಿಪೇರಿ ಆಗ್ತಿತ್ತು?

ಮೊದಲು ಆ ಕೆಲಸದ ಬಗ್ಗೆ ಹೇಳ್ತೀನಿ, ಯಾಕಂದ್ರ ಈಗಿನ ಹುಡುಗರು ನೋಡಿಲ್ಲ. ತಾಮ್ರ, ಹಿತ್ತಾಳೆಯೊಳಗ ಹುಳಿ ಪದಾರ್ಥ ಇಟ್ಟರೆ ಕಿಲುಬು ಏಳುತ್ತದೆ, ಉಂಡವರಿಗೆ ವಿಷವಾಗುತ್ತದೆ. ಅದನ್ನು ತಡೆಯಲು ಪಾತ್ರೆಯ ಒಳಗೆ ತವರದ ತೆಳು ಪದರ ಹಚ್ಚಬೇಕು. ಅದೇ ಕಲಾಯಿ. ಕಲಾಯಿಯವರು ನೆಲದಾಗ ಸಣ್ಣ ಕುಣಿ ತೋಡಿ, ಇದ್ದಿಲು ತುಂಬಿ, ತಿದಿ ಒತ್ತಿ ಬೆಂಕಿ ಎಬ್ಬಿಸುತ್ತಿದ್ದರು. ತಗ್ಗು ಬಿದ್ದದ್ದನ್ನ ಬಡಿದು ನೆಟ್ಟಗ ಮಾಡಿ, ತೂತಿಗೆ ಬೆಸುಗೆ ಹಾಕಿ, ಮರಳಿನಿಂದ ಜಿಡ್ಡು ತಿಕ್ಕಿ ತೆಗೆಯುತ್ತಿದ್ದರು. ಕಾದ ಪಾತ್ರೆಗೆ ನವಸಾಗರದ ಪುಡಿ ಉದುರಿಸಿದರೆ ದಪ್ಪ ಬಿಳಿ ಹೊಗೆ ಏಳ್ತಿತ್ತು. ಆಮೇಲೆ ತವರದ ಕಡ್ಡಿ ಮುಟ್ಟಿಸಿ ಅರಳೆಯಿಂದ ಸರಸರ ಒರೆಸಿದರೆ ಒಳಗೆಲ್ಲ ಬೆಳ್ಳಿ ಬಣ್ಣ. ತವರ 232 ಡಿಗ್ರಿಗೇ ಕರಗ್ತದ, ತಾಮ್ರ ಕರಗಲು ಸಾವಿರ ಡಿಗ್ರಿ ದಾಟಬೇಕು. ಎಷ್ಟು ಬೆಂಕಿ ಸಾಕು ಅನ್ನೋದನ್ನ ಕಣ್ಣಳತೆಯಲ್ಲೇ ಹಿಡಿಯೋ ವಿದ್ಯೆ ಅದು.

ನಮ್ಮ ಕಡೆ ಈ ಕೆಲಸ ಹೊತ್ತು ಊರೂರು ತಿರುಗಿದವರಲ್ಲಿ ಬಡ ಮುಸ್ಲಿಮರೇ ಬಹಳ. ಅವರ ತಿದಿ ತೊಗಲಿನದು. ಆ ತೊಗಲು ಹದ ಮಾಡಿದ್ದು ಮಾದಿಗರ ಕೈ. ಕಪಿಲೆ ಬಾವಿಯಿಂದ ನೀರೆತ್ತುವ ತೊಗಲಿನ ಚೀಲ ಹೊಲಿದದ್ದೂ ಅದೇ ಕೈ. ತೊಗಲು ಬಾವಿಗೆ ಇಳಿಯಬಹುದಿತ್ತು, ಹೊಲಿದವರು ಇಳಿಯುವಂಗಿರಲಿಲ್ಲ.

ಇದು ತಾನಾಗೇ ಬಂದ ರೂಢಿ ಅಂತ ಯಾರಾದರೂ ಹೇಳಿದರೆ ಮನುಸ್ಮೃತಿಯ ಹತ್ತನೇ ಅಧ್ಯಾಯದ 51, 52ನೇ ಶ್ಲೋಕ ತೋರಿಸ್ರಿ. ಚಂಡಾಲರು ಊರ ಹೊರಗಿರಬೇಕು, ಒಡೆದ ಪಾತ್ರೆಯಲ್ಲಿ ಉಣ್ಣಬೇಕು, ಅವರ ಒಡವೆ ಕಬ್ಬಿಣದ್ದಾಗಿರಬೇಕು ಎಂಬ ಕಟ್ಟಳೆ ಅಲ್ಲದ. ಅದೇ ಪುಸ್ತಕದ ಐದನೇ ಅಧ್ಯಾಯ, ತಾಮ್ರ, ಹಿತ್ತಾಳೆ, ತವರ ಮೈಲಿಗೆಯಾದರೆ ಕ್ಷಾರ, ಹುಳಿ, ನೀರಿನಿಂದ ಶುದ್ಧ ಮಾಡಬಹುದು ಅನ್ನುತ್ತದೆ. ಲೋಹಕ್ಕೆ ಬಿಡುಗಡೆ ಉಂಟು, ಮನುಷ್ಯರಿಗಿಲ್ಲ. ಒಡೆದದ್ದರಲ್ಲೇ ಉಣ್ಣು ಅನ್ನೋ ಕಟ್ಟಳೆಯ ಎದುರು ಪಾತ್ರೆ ರಿಪೇರಿ ಮಾಡಿಸಿಕೊಳ್ಳೋದೇ ಒಂದು ಬಂಡಾಯ. ನಮ್ಮ ಮಂದಿ ಆ ಬಂಡಾಯವನ್ನ ಹೆಸರಿಡದೇ ಮಾಡ್ಯಾರ.

ಅದಕ್ಕೆ ಬೆಲೆಯನ್ನೂ ತೆತ್ತಾರ. ಬಾಬಾಸಾಹೇಬರು 1936ರ "ಜಾತಿ ವಿನಾಶ"ದಲ್ಲಿ ಒಂದು ಘಟನೆ ದಾಖಲಿಸಿದ್ದಾರೆ. 1935ರ ನವೆಂಬರ್‌ನಲ್ಲಿ ಗುಜರಾತಿನ ಅಹಮದಾಬಾದ್ ಜಿಲ್ಲೆಯ ಝಾನು ಹಳ್ಳಿಯಲ್ಲಿ, ಕೈಯಲ್ಲಿ ನಾಲ್ಕು ಕಾಸಿದ್ದ ಅಸ್ಪೃಶ್ಯ ಮನೆತನದ ಹೆಣ್ಣುಮಕ್ಕಳು ಲೋಹದ ಕೊಡದಲ್ಲಿ ನೀರು ತರಲು ಶುರು ಮಾಡಿದರು. ಅದು ತಮಗೆ ಅವಮಾನ ಅಂತ ಸವರ್ಣೀಯರು ಅವರ ಮೇಲೆ ಕೈ ಮಾಡಿದರು. ಕೊಡ ಅವರದ್ದು, ದುಡ್ಡು ಅವರದ್ದು. ಮಣ್ಣಿನದು ಬಿಟ್ಟು ಲೋಹದ್ದು ಹೊತ್ತದ್ದೇ ತಪ್ಪಾಯಿತು.

ನಮ್ಮ ಭಾಗದ ಕಥೆಗೂ ಇದಕ್ಕೂ ದೂರ ಇಲ್ಲ. 1858ರ ಬಂಡಾಯ ಸೋತ ಮೇಲೆ ಸುರಪುರ ಸಂಸ್ಥಾನವೂ ನಿಜಾಮನ ಕೈಗೆ ಹೋಯಿತು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮನೂ ಸೋತ. ಅರಸರು ಬದಲಾದರು, ಅಗಸಿ ಮುಂದಿನ ಪಾಳಿ ಬದಲಾಗಲಿಲ್ಲ. ನಮ್ಮ ಆಯಿ ಹೇಳ್ತಿದ್ದಳು: "ಮುಂಜಾನಿಂದ ಕುಂತ್ರೂ ನಮ್ಮ ಪಾಳಿ ಬರ್ತಿರಲಿಲ್ಲಪಾ. ನಮ್ಮ ಕೊಡ ಇಟ್ಟ ಬೆಂಕಿಗೆ ಊರವರು ತಮ್ಮ ಪಾತ್ರಿ ಇಡಂಗಿಲ್ಲ. ಮೊದಲು ನಮ್ಮದು ಮಾಡಿದ್ರ ಊರಾಗ ಕೆಲಸ ಸಿಗಂಗಿಲ್ಲ ಅಂತ ಕಲಾಯಿ ಕಾಕಾ ಅಂಜತಿದ್ದ. ಹೊತ್ತು ಮುಣುಗಿದ ಮ್ಯಾಲ ತಿದಿ ಹೊತಗೊಂಡು ನಮ್ಮ ಕೇರಿಗೇ ಬರ್ತಿದ್ದ. ಬ್ಯಾರೆ ಕುಣಿ ತೋಡಿ ಕಲಾಯಿ ಮಾಡ್ತಿದ್ದ. ನಮ್ಮ ಮನ್ಯಾಗ ರೊಟ್ಟಿ ಉಂಡು ಹೋಗ್ತಿದ್ದ."

ಈ ಮಾತಿನೊಳಗ ಅಂಜಿಕೆ ಎಷ್ಟದ, ಅಂತಃಕರಣ ಎಷ್ಟದ ನೋಡ್ರಿ. ಜೀವನವಿಡೀ ನವಸಾಗರದ ಹೊಗೆ ಕುಡಿದ ಆ ಮನುಷ್ಯನೂ ಊರ ಗೌಡರ ಹಂಗಿನಲ್ಲೇ ಇದ್ದವ. ಅವನ ಹೆಸರೂ ಯಾವ ಇತಿಹಾಸದಾಗ ಇಲ್ಲ.

1950ರಲ್ಲಿ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನ ರದ್ದು ಮಾಡಿತು. 1955ರಲ್ಲಿ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ ಬಂತು. ಇವತ್ತಿನ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅದೇ. ಅದರ 4ನೇ ಸೆಕ್ಷನ್ ಓದ್ರಿ, ಹೋಟೆಲಿನಲ್ಲಿ ಎಲ್ಲರಿಗಾಗಿ ಇಟ್ಟ ಪಾತ್ರೆಯನ್ನ ನಮಗೆ ಬಳಸಲು ಬಿಡದಿದ್ದರೆ ಅಪರಾಧ. 6ನೇ ಸೆಕ್ಷನ್ ಓದ್ರಿ, ಎಲ್ಲರಿಗೂ ಮಾಡುವ ಸೇವೆಯನ್ನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಅದೇ ದರಕ್ಕೆ ನಮಗೆ ಮಾಡಲು ಒಪ್ಪದಿದ್ದರೂ ಅಪರಾಧ. ಅಗಸಿ ಮುಂದಿನ ಆ ಪಾಳಿಯ ವಿಚಾರವನ್ನ ಕಾನೂನು ನೇರವಾಗಿ ಹೇಳ್ಯದ. ಅಗಸಿತನಕ ಅದು ನಡೆದು ಬರಲಿಲ್ಲ ಅಷ್ಟೇ.

ಮುಂದ ಜರ್ಮನ್ ಪಾತ್ರೆ ಬಂದವು, ಆಮೇಲೆ ಸ್ಟೀಲ್. ಸ್ಟೀಲಿಗೆ ಕಲಾಯಿ ಬೇಡ. ಪರಂಪರೆ ಹೋಯ್ತು ಅಂತ ಕೆಲವರು ಮರುಗ್ತಾರ. ನಮ್ಮ ತಾಯಂದಿರು ಮಾತ್ರ ಸ್ಟೀಲ್ ತಂಬಿಗೆಯನ್ನ ಖುಷಿಯಿಂದ ಮನೆಗೆ ತಂದರು. ಯಾರ ಪಾಳಿಗೂ ಕಾಯೋದು ಬೇಕಿರಲಿಲ್ಲ. ಆದರೆ ಜಾತಿ ಪಾತ್ರೆ ಬದಲಿಸ್ತದ, ಬುದ್ಧಿ ಬದಲಿಸಂಗಿಲ್ಲ. ನಮ್ಮ ಭಾಗದ ಒಂದು ಹಳ್ಳಿ ಹೋಟೆಲಿನಲ್ಲಿ ನಾನೇ ಕಂಡೀನಿ. ಊರವರಿಗೆ ಗಾಜಿನ ಲೋಟ, ನಮಗೆ ಕಾಗದದ ಕಪ್ಪು. ಕೇಳಿದರೆ "ಸ್ವಚ್ಛತೆಗೆ ರೀ" ಅಂದರು.

ಅದಕ್ಕೇ ಒಂದು ವಿನಂತಿ. ಅಟ್ಟದ ಮ್ಯಾಲ ಹಳೇ ಕೊಡ, ಗಂಗಾಳ, ಚರಗಿ ಇದ್ದರೆ ಗುಜರಿಗೆ ಹಾಕೋ ಮುಂಚೆ ಮನೆಯ ಹಿರಿಯರನ್ನ ಕೇಳ್ರಿ. ಯಾವ ಕೂಲಿಯ ದುಡ್ಡಿಗೆ ಬಂತು? ಯಾವ ಬಾವಿ ನೀರು ತಂತು? ತೂತು ಮುಚ್ಚಿದವರು ಯಾರು, ಎಲ್ಲಿ ಕುಂತು ಮುಚ್ಚಿದರು? ಅವರು ಹೇಳಿದಂಗೇ, ಅವರ ಮಾತಿನಲ್ಲೇ ಬರೆದಿಡ್ರಿ. ಆ ವಿಡಿಯೋಗಳ ಕೆಳಗ ಅದನ್ನೂ ಹಾಕ್ರಿ.

ಜೈಭೀಮ್.