ಒಂದು ರೂಪಾಯಿಯ ಟಿಕೇಟು

ಮುಂಬಯಿಗೆ ಬಂದ ನಮ್ಮ ತಲೆಮಾರಿಗೆ ಊರಿನ ದಾರಿ ಅಂದರೆ ಉದ್ಯಾನ್ ಎಕ್ಸ್‌ಪ್ರೆಸ್ಸು. ಗುಂತಕಲ್ ದಾಟಿ ಬೆಂಗಳೂರು ಮುಟ್ಟೋದಕ್ಕೆ ಹೆಚ್ಚುಕಮ್ಮಿ ಒಂದು ದಿನ. ಸಾಂತಾಕ್ರೂಜ್‌ನ ನಮ್ಮ ಮನೆಯ ಮೇಲೇ ಹಾರುವ ವಿಮಾನವನ್ನು ತಲೆಯೆತ್ತಿ ನೋಡಿದ್ದಷ್ಟೇ, ಹತ್ತುವ ಮಾತು ಯಾರೂ ಆಡಿದ್ದಿಲ್ಲ.

1953ರಲ್ಲಿ ಸರ್ಕಾರ ವಿಮಾನ ಕಂಪನಿಗಳನ್ನು ರಾಷ್ಟ್ರೀಕರಣ ಮಾಡಿತು. ಆಮೇಲೆ ಸುಮಾರು ನಾಲ್ಕು ದಶಕ ದೇಶದೊಳಗಿನ ಹಾರಾಟವೆಲ್ಲ ಬಹುಮಟ್ಟಿಗೆ ಇಂಡಿಯನ್ ಏರ್‌ಲೈನ್ಸ್‌ನದೇ. ದರ ಜಾಸ್ತಿ, ನೌಕರಿ ಗಟ್ಟಿ. ತೊಂಬತ್ತರ ದಶಕದಲ್ಲಿ ಖಾಸಗಿಯವರಿಗೆ ಬಾಗಿಲು ತೆರೆಯಿತು. ಈಸ್ಟ್ ವೆಸ್ಟ್, ದಮಾನಿಯಾ, ಮೋದಿಲುಫ್ಟ್ ಬಂದವು, ಆ ದಶಕ ಮುಗಿಯೋದರೊಳಗೇ ಹೋದವು. ಉಳಿದವರಲ್ಲಿ ದೊಡ್ಡದು 1993ರಲ್ಲಿ ಶುರುವಾದ ಜೆಟ್.

ನಮ್ಮ ಸರದಿ ಬಂದಿದ್ದು 2003ರಲ್ಲಿ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್, ಸೈನ್ಯ ಬಿಟ್ಟು ರೇಷ್ಮೆ ಬೆಳೆದವರು, ಏರ್ ಡೆಕ್ಕನ್ ಹಾರಿಸಿದರು. ಮೊದಮೊದಲ ಹಾರಾಟಗಳಲ್ಲಿ ಬೆಂಗಳೂರು–ಹುಬ್ಬಳ್ಳಿಯೂ ಒಂದು! ಊಟವಿಲ್ಲ, ಉಪಚಾರವಿಲ್ಲ, ಕೆಲವೇ ಸೀಟುಗಳಿಗಾದರೂ ಒಂದು ರೂಪಾಯಿಯ ಟಿಕೇಟು. ಹುಚ್ಚು ಅಂದವರುಂಟು. ಆದರೆ ಲೆಕ್ಕ ನೋಡಿ: ವಿಮಾನ ಮೇಲೆದ್ದ ಮೇಲೆ ಖಾಲಿ ಸೀಟನ್ನು ಯಾರಿಗೂ ಮಾರೋಕಾಗಲ್ಲ. ಸಂಜೆಯ ಹೂವನ್ನಾದರೂ ಅರ್ಧ ಬೆಲೆಗೆ ಕೊಡಬಹುದು.

ತಾಪತ್ರಯ ಇದ್ದದ್ದು ಖರ್ಚಿನ ಕಡೆ. ಗಳಿಕೆ ರೂಪಾಯಿಯಲ್ಲಿ, ವಿಮಾನದ ಬಾಡಿಗೆ, ಬಿಡಿಭಾಗ ಡಾಲರಿನಲ್ಲಿ. ಇಂಧನಕ್ಕೆ ಕಚ್ಚಾತೈಲದ ದರ, ಅದರ ಮೇಲೆ ರಾಜ್ಯಗಳ ಮಾರಾಟ ತೆರಿಗೆ. 2008ರ ಜುಲೈನಲ್ಲಿ ಪೀಪಾಯಿಗೆ 147 ಡಾಲರ್ ಮುಟ್ಟಿದ ತೈಲ ಡಿಸೆಂಬರಿನಲ್ಲಿ 40ರ ಕೆಳಗಿಳಿಯಿತು. ಇಂಥದ್ದರಲ್ಲಿ ಮೂರು ತಿಂಗಳು ಮುಂಚೆ ಟಿಕೇಟು ಮಾರುವವನು ಯಾವ ಧೈರ್ಯದ ಮೇಲೆ ದರ ಹಾಕಬೇಕು? ಹಾಗಂತ ಏರಿಸಿದರೆ ಪಕ್ಕದ ಕಂಪನಿಯವನು ಇಳಿಸುತ್ತಾನೆ.

2005ರಲ್ಲಿ ಹುಟ್ಟಿದ ಕಿಂಗ್‌ಫಿಷರ್ 2007ರಲ್ಲಿ ಡೆಕ್ಕನ್ನಿನ ಪಾಲು ಕೊಂಡಿತು. ಮರುವರ್ಷ ಡೆಕ್ಕನ್ ಅನ್ನುವ ಹೆಸರೇ ಹೋಯಿತು. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ನೆಲಕಚ್ಚಿತು, 2019ರ ಏಪ್ರಿಲ್‌ನಲ್ಲಿ ಜೆಟ್ಟೂ ನಿಂತಿತು.

ನಮ್ಮ ಕಟ್ಟಡದಲ್ಲೊಬ್ಬ ಕುಂದಾಪುರ ಕಡೆಯ ಹುಡುಗ. ಅಪ್ಪನ ಹೋಟೆಲಿನ ಗಲ್ಲಾ ಬೇಡವೆಂದು ಒಂದು ವಿಮಾನ ಕಂಪನಿ ಸೇರಿದ್ದ. ತಿಂಗಳುಗಟ್ಟಲೆ ಸಂಬಳವಿಲ್ಲ; ಮನೆ ಸಾಲದ ಕಂತು ಮಾತ್ರ ತಪ್ಪದೆ ಬರುತ್ತಿತ್ತು. ಕಂಪನಿ ಮುಚ್ಚಿದ ಮೇಲೆ ಗಲ್ಲಾದಲ್ಲಿ ಕೂತ. ಅಪ್ಪ ಒಂದು ಮಾತೂ ಅನ್ನಲಿಲ್ಲ, ಅದೇ ಅವನಿಗೆ ಹೆಚ್ಚು ನೋವಾಯಿತಂತೆ.

ವರ್ಷ ಕಳೆದ ಮೇಲೆ ಮತ್ತೊಂದು ವಿಮಾನ ಕಂಪನಿ ಸೇರಿದ. ಲಿಫ್ಟಿನಲ್ಲಿ ಸಿಕ್ಕಾಗ ಕೇಳಿದೆ, "ಇದು ಗಟ್ಟಿಯೇನೋ?"

"ಈ ತಿಂಗಳ ಸಂಬಳ ಬಂದಿದೆ ಅಂಕಲ್" ಅಂದ.